ವೈಫೈ ತಾನಾಗಿ ಕೂಡಲಿ, ನಿನಗೆ ತಿಳಿದು ಕೂಡಲಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತೆಯ ಚಿಪ್ಪು, ಹೊಸ ಪ್ರೊಸೆಸರ್ ಇಲ್ಲದ ಎಷ್ಟೋ ಕಂಪ್ಯೂಟರುಗಳು ಈಗ ಲಿನಕ್ಸ್ ಕಡೆ ಮುಖ ಮಾಡಿವೆ. ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪಿಗೆ ಉಬುಂಟುವನ್ನೋ ಮಿಂಟನ್ನೋ ಹಾಕಿಕೊಂಡ ಹುಡುಗ ಹುಡುಗಿಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ಸಾರ್, ಎಲ್ಲಾ ಚೆನ್ನಾಗಿದೆ. ಆದರೆ ಆನ್ ಮಾಡಿದಾಗಲೆಲ್ಲ ವೈಫೈ ನಾನೇ ಒತ್ತಬೇಕು. ತಾನಾಗಿ ಕನೆಕ್ಟ್ ಆಗೋ ಹಾಗೆ ಮಾಡೋದು ಹೇಗೆ?"

ಉತ್ತರ ಬಹಳ ಚಿಕ್ಕದು. ಸೆಟ್ಟಿಂಗ್ಸ್ ತೆರೆದು ಒಂದು ಚೌಕದಲ್ಲಿ ಗುರುತು ಹಾಕಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ಆದರೆ ನಾನು ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು. ನಿವೃತ್ತಿಯಾದ ಮೇಲೂ ಸುತ್ತಮುತ್ತಲ ಶಾಲೆ, ಲೈಬ್ರರಿಗಳ ಕಂಪ್ಯೂಟರು ನೋಡಿಕೊಡುತ್ತಿರುವವನು. ಆ ಚೌಕದ ಹಿಂದೆ ಏನಿದೆ ಎಂಬುದನ್ನೂ ನಿನಗೆ ಹೇಳಿಯೇ ಕಳಿಸಬೇಕು ಅನ್ನಿಸುತ್ತದೆ. ಏಕೆಂದರೆ ಆ ಗುರುತು ಬರೀ ಅನುಕೂಲದ ಮಾತಲ್ಲ. ಇನ್ನು ಮುಂದೆ ನೀನು ನೋಡದೇ ಇರುವಾಗಲೂ ಈ ನೆಟ್‌ವರ್ಕಿಗೆ ಸೇರಿಕೋ ಎಂದು ಯಂತ್ರಕ್ಕೆ ಮುಂಚೆಯೇ ಕೊಟ್ಟುಬಿಡುವ ಒಪ್ಪಿಗೆ ಅದು. ಒಪ್ಪಿಗೆ ಕೊಡುವವನಿಗೆ ಮೂರು ವಿಷಯ ಗೊತ್ತಿರಬೇಕು: ವೈಫೈ ಕಾರ್ಡು ಸರಿಯಾಗಿ ಕೆಲಸ ಮಾಡುತ್ತಿದೆಯೇ, ಪಾಸ್‌ವರ್ಡು ಯಾರ ವಶದಲ್ಲಿದೆ, ಆ ನೆಟ್‌ವರ್ಕು ನಂಬಿಕೆಗೆ ತಕ್ಕದ್ದೇ. ಇವು ಮೂರೂ ತಿಳಿದರೆ ಯಾವ ಲಿನಕ್ಸ್ ಯಂತ್ರದ ಮುಂದೆ ಕೂತರೂ ನೀನು ಹೆದರಬೇಕಾಗಿಲ್ಲ.

ಮೊದಲು ಈ ಸೌಕರ್ಯ ಎಲ್ಲಿಂದ ಬಂತು ಎಂಬುದನ್ನು ತಿಳಿದುಕೋ. ವೈಫೈಗೆ ಆಧಾರವಾದ 802.11 ಎಂಬ ಮಾನದಂಡ ಹೊರಬಂದದ್ದು 1997ರಲ್ಲಿ. ಆಮೇಲೆ ಬಹಳ ಕಾಲ, ಕಾರ್ಡು ತಯಾರಿಸುವ ಎಷ್ಟೋ ಕಂಪನಿಗಳು ವಿಂಡೋಸಿಗೆ ಮಾತ್ರ ಡ್ರೈವರ್ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದವು. ಆ ವಿಂಡೋಸ್ ಡ್ರೈವರನ್ನೇ ಲಿನಕ್ಸಿನೊಳಗೆ ಓಡಿಸಲು ಎನ್‌ಡಿಐಎಸ್‌ವ್ರ್ಯಾಪರ್ ಎಂಬ ತಂತ್ರಾಂಶ ಬಳಸುತ್ತಿದ್ದ ದಿನಗಳವು. ಕಾರ್ಡು ಎದ್ದರೂ ನೆಟ್‌ವರ್ಕಿನ ಹೆಸರು, ಕೀಲಿ, ವಿಳಾಸ ಎಲ್ಲವನ್ನೂ ಟರ್ಮಿನಲ್ಲಿನಲ್ಲಿ ಒಂದೊಂದಾಗಿ ಹೊಡೆಯಬೇಕಿತ್ತು. ಜಾಗ ಬದಲಾದರೆ ಮತ್ತೆ ಮೊದಲಿಂದ. ಈ ಗೋಳು ತಪ್ಪಿಸಲು 2004ರಲ್ಲಿ ರೆಡ್ ಹ್ಯಾಟ್ ಕಂಪನಿ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಯೋಜನೆ ಶುರು ಮಾಡಿತು. ಅದರ 1.0 ಆವೃತ್ತಿ ಬಂದದ್ದು 2014ರ ಕೊನೆಗೆ. ಗೂಢಲಿಪಿಯ ಮಾತುಕತೆ ನಡೆಸಿ ರೂಟರಿನಿಂದ ಒಳಗೆ ಬಿಡಿಸಿಕೊಳ್ಳುವ ಕೆಲಸವನ್ನು ಡಬ್ಲ್ಯುಪಿಎ ಸಪ್ಲಿಕಂಟ್ ಎಂಬ ಇನ್ನೊಂದು ತಂತ್ರಾಂಶ ಮಾಡುತ್ತದೆ. ಅದನ್ನು ಬರೆದು ಬೆಳೆಸಿದವರು ಫಿನ್ಲೆಂಡಿನ ಯೌನಿ ಮಲಿನೆನ್. ಇವತ್ತು ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಡೆಸ್ಕ್‌ಟಾಪುಗಳಲ್ಲಿ ಮೂಲೆಯ ಆ ಪುಟ್ಟ ಚಿಹ್ನೆಯ ಹಿಂದೆ ಸಾಮಾನ್ಯವಾಗಿ ಇವೆರಡೇ ದುಡಿಯುತ್ತಿರುತ್ತವೆ. ನಿನಗೆ ಉಚಿತವಾಗಿ ಸಿಕ್ಕಿರುವುದು ಬೇರೆಯವರ ವರ್ಷಾನುಗಟ್ಟಲೆಯ ದುಡಿಮೆ. ಅದನ್ನು ಗೌರವದಿಂದ ಬಳಸು.

ಈಗ ಮೊದಲನೆಯ ವಿಷಯ, ಕಾರ್ಡು. ವೈಫೈ ಪಟ್ಟಿಯಲ್ಲಿ ಒಂದು ಹೆಸರೂ ಕಾಣುತ್ತಿಲ್ಲವೆಂದರೆ ತಾನಾಗಿ ಕೂಡುವುದರ ಚಿಂತೆ ಆಮೇಲಿನದು. ಗಾಬರಿಯಲ್ಲಿ ಲಿನಕ್ಸ್ ತೆಗೆದು ಮತ್ತೆ ಹಾಕಬೇಡ. ಟರ್ಮಿನಲ್ ತೆರೆದು ಆರ್‌ಎಫ್‌ಕಿಲ್ ಲಿಸ್ಟ್ ಎಂಬ ಆದೇಶ ಕೊಡು. ವೈರ್‌ಲೆಸ್ ಎದುರು ಸಾಫ್ಟ್ ಬ್ಲಾಕ್ಡ್ ಯೆಸ್ ಎಂದಿದ್ದರೆ ತಂತ್ರಾಂಶ ಅದನ್ನು ಮುಚ್ಚಿದೆ, ಏರ್‌ಪ್ಲೇನ್ ಮೋಡ್ ತೆಗೆದರೆ ಸಾಕು. ಹಾರ್ಡ್ ಬ್ಲಾಕ್ಡ್ ಯೆಸ್ ಎಂದಿದ್ದರೆ ಲ್ಯಾಪ್‌ಟಾಪಿನ ಅಂಚಿನಲ್ಲೋ ಕೀಬೋರ್ಡಿನಲ್ಲೋ ಇರುವ ಸ್ವಿಚ್ಚು ಮುಚ್ಚಿರುತ್ತದೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಮುಂಭಾಗದ ಅಂಚಿಗೆ ಉಗುರಿನಷ್ಟು ಅಗಲದ ಜಾರುಗುಂಡಿ ಇರುತ್ತಿತ್ತು. ಚೀಲಕ್ಕೆ ತುರುಕುವಾಗ ಅದು ಸರಿದುಹೋಗಿ, ತಂತ್ರಾಂಶದಲ್ಲಿ ಏನು ಮಾಡಿದರೂ ವೈಫೈ ಏಳುತ್ತಿರಲಿಲ್ಲ. ಮೊದಲು ಕಣ್ಣಿಂದ ನೋಡು, ಆಮೇಲೆ ಕೀಬೋರ್ಡಿಗೆ ಕೈ ಹಾಕು.

ಸ್ವಿಚ್ಚು ಸರಿಯಿದ್ದೂ ಕಾರ್ಡು ಏಳದಿದ್ದರೆ, ಕೊರತೆ ಹೆಚ್ಚಾಗಿ ಫರ್ಮ್‌ವೇರ್‌ನದು, ಅಂದರೆ ಕಾರ್ಡಿನ ಒಳಗೇ ಓಡಬೇಕಾದ ಸಣ್ಣ ಪ್ರೋಗ್ರಾಮಿನದು. ಯಂತ್ರ ಎದ್ದಾಗ ಅದನ್ನು ಕಾರ್ಡಿಗೆ ತುಂಬಬೇಕಾಗುತ್ತದೆ. ಎಲ್‌ಎಸ್‌ಪಿಸಿಐ ಆದೇಶದಿಂದ ಒಳಗಿನ ಕಾರ್ಡಿನ ಹೆಸರು, ಎಲ್‌ಎಸ್‌ಯುಎಸ್‌ಬಿಯಿಂದ ಹೊರಗೆ ಚುಚ್ಚಿದ ಡಾಂಗಲ್ಲಿನ ಹೆಸರು ತಿಳಿಯುತ್ತದೆ. ಇಂಟೆಲ್ ಕಾರ್ಡುಗಳಿಗೆ ಬೇಕಾದ ಡ್ರೈವರ್ ಕರ್ನೆಲ್ಲಿನಲ್ಲೇ ಇದೆ. ಬ್ರಾಡ್‌ಕಾಮ್ ಕಾರ್ಡುಗಳಲ್ಲಿ ಕೆಲವಕ್ಕೆ ಪ್ರತ್ಯೇಕ ಡ್ರೈವರ್ ಬೇಕು. ಉಬುಂಟುವಿನ ಅಡಿಷನಲ್ ಡ್ರೈವರ್ಸ್ ಕಿಟಕಿ, ಮಿಂಟಿನ ಡ್ರೈವರ್ ಮ್ಯಾನೇಜರ್ ಅದನ್ನು ಹುಡುಕಿಕೊಡುತ್ತವೆ. ಡೆಬಿಯನ್ ಸಮುದಾಯ 2022ರಲ್ಲಿ ಮತ ಹಾಕಿ ತೀರ್ಮಾನಿಸಿ, 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಇಂಥ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರಿನಲ್ಲೇ ಸೇರಿಸಿತು. ಹಾಗಾಗಿ ಹಳೆಯ ಸಿಡಿ, ಹಳೆಯ ಪೆನ್‌ಡ್ರೈವ್ ಹಿಡಿದು ಒದ್ದಾಡಬೇಡ, ಹೊಸ ಆವೃತ್ತಿ ಹಾಕು. ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ಟೇ ಇಲ್ಲವಲ್ಲ ಎಂದು ಕೈಚೆಲ್ಲಬೇಡ. ನಿನ್ನ ಆಂಡ್ರಾಯ್ಡ್ ಫೋನನ್ನು ಚಾರ್ಜರಿನ ವೈರಿನಿಂದ ಕಂಪ್ಯೂಟರಿಗೆ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡು. ಲಿನಕ್ಸ್ ಅದನ್ನು ವೈರಿನ ನೆಟ್‌ವರ್ಕ್ ಎಂದೇ ತೆಗೆದುಕೊಳ್ಳುತ್ತದೆ. ಅದರಿಂದ ಡ್ರೈವರ್ ಇಳಿಸಿಕೋ.

ಎರಡನೆಯದು ಪಾಸ್‌ವರ್ಡಿನ ವಿಷಯ. ತಾನಾಗಿ ಕೂಡದಿರುವ ತೊಂದರೆಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಇಲ್ಲೇ. ಸ್ವಲ್ಪ ನಿಂತು ಕೇಳು.

ಒಂದು ನೆಟ್‌ವರ್ಕಿಗೆ ಮೊದಲ ಸಲ ಸೇರಿದಾಗ ನೆಟ್‌ವರ್ಕ್‌ಮ್ಯಾನೇಜರ್ ಅದಕ್ಕೊಂದು ಪ್ರೊಫೈಲ್ ಬರೆದಿಡುತ್ತದೆ. ಹೆಸರೇನು, ಭದ್ರತೆ ಯಾವ ಬಗೆಯದು, ತಾನಾಗಿ ಕೂಡಬೇಕೋ ಬೇಡವೋ, ಪಾಸ್‌ವರ್ಡ್ ಎಲ್ಲಿದೆ, ಎಲ್ಲವೂ ಅದರಲ್ಲಿರುತ್ತದೆ. ಪಾಸ್‌ವರ್ಡು ಇರಬಹುದಾದ ಜಾಗ ಎರಡು. ಒಂದು, ಆ ಪ್ರೊಫೈಲ್ ಕಡತದಲ್ಲೇ. ಆಗ ಅದು ಇಡೀ ಯಂತ್ರದ ವಶದಲ್ಲಿರುತ್ತದೆ. ಇನ್ನೊಂದು, ಗುಟ್ಟುಗಳಿಗೆ ಬೀಗ ಹಾಕಿಡುವ ತಿಜೋರಿಯಾದ ಬಳಕೆದಾರನ ಕೀರಿಂಗ್‌ನಲ್ಲಿ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಅದಕ್ಕೆ ಗ್ನೋಮ್ ಕೀರಿಂಗ್ ಎಂದೂ ಕೆಡಿಇಯಲ್ಲಿ ಕೆವಾಲೆಟ್ ಎಂದೂ ಹೆಸರು. ಆಗ ಅದು ಒಬ್ಬನ ಸ್ವಂತ ಸ್ವತ್ತು. ಅವನು ಲಾಗಿನ್ ಆಗಿ ತಿಜೋರಿ ತೆರೆಯುವ ತನಕ ಯಂತ್ರಕ್ಕೂ ಅದು ಸಿಗದು. ನೀನು ಲಾಗಿನ್ ಪಾಸ್‌ವರ್ಡ್ ಹೊಡೆದಾಗ ಕೀರಿಂಗ್ ಅದರಿಂದಲೇ ತೆರೆದುಕೊಳ್ಳುತ್ತದೆ, ನಿನಗೆ ಗೊತ್ತೂ ಆಗುವುದಿಲ್ಲ. ಆದರೆ ಲಾಗಿನ್ನನ್ನೇ ಆಟೋಮ್ಯಾಟಿಕ್ ಮಾಡಿಟ್ಟರೆ? ಪಾಸ್‌ವರ್ಡನ್ನು ಯಾರೂ ಹೊಡೆಯುವುದಿಲ್ಲ, ಕೀರಿಂಗ್ ತೆರೆಯುವುದಿಲ್ಲ, ವೈಫೈ ಕೂಡುವುದಿಲ್ಲ.

ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಅಲ್ಲಿಯ ಲೈಬ್ರರಿಯಲ್ಲಿ, ಇದನ್ನೇ ಕಂಡೆ. ಮಕ್ಕಳಿಗೆ ಸುಲಭವಾಗಲಿ ಎಂದು ಯಾರೋ ಲಾಗಿನ್ ಪಾಸ್‌ವರ್ಡ್ ಕೇಳದ ಹಾಗೆ ಮಾಡಿಕೊಟ್ಟು ಹೋಗಿದ್ದರು. ಬೆಳಿಗ್ಗೆ ಕಂಪ್ಯೂಟರು ಎದ್ದ ಕೂಡಲೇ ಪರದೆಯ ನಡುವೆ ಒಂದು ಪೆಟ್ಟಿಗೆ: ಕೀರಿಂಗ್ ತೆರೆಯಲು ಪಾಸ್‌ವರ್ಡ್ ಕೊಡಿ. ಗ್ರಂಥಪಾಲಕಿಗೆ ಆ ಪಾಸ್‌ವರ್ಡ್ ಗೊತ್ತಿಲ್ಲ, ಗೊತ್ತಿದ್ದವರು ಊರಲ್ಲಿಲ್ಲ. ಆಕೆ ಕ್ಯಾನ್ಸಲ್ ಒತ್ತುತ್ತಿದ್ದರು. ಕೀಬೋರ್ಡಿನ ಪಕ್ಕ ಸೆಲ್ಲೋಟೇಪು ಹಚ್ಚಿ ಅಂಟಿಸಿದ ಚೀಟಿಯಲ್ಲಿ ವೈಫೈ ಪಾಸ್‌ವರ್ಡ್ ಬರೆದಿತ್ತು. ಅದನ್ನು ನೋಡಿ ದಿನವೂ ಹೊಸದಾಗಿ ಹೊಡೆದು ನೆಟ್ ತರುತ್ತಿದ್ದರು. ಆಕೆ ಪಂಚಾಯಿತಿ ಕಚೇರಿಗೆ ಹೋದ ದಿನ ಮಕ್ಕಳು ಆ ಚೀಟಿ ನೋಡಿ ತಪ್ಪಾಗಿ ಹೊಡೆದು, ನೆಟ್ ಇಲ್ಲ ಎಂದು ಎದ್ದುಹೋಗುತ್ತಿದ್ದರಂತೆ.

ಸರಿಮಾಡಲು ಬೇಕಾದದ್ದು ಬಹಳ ಕಡಿಮೆ. ಮೂಲೆಯ ವೈಫೈ ಚಿಹ್ನೆಯಿಂದ ಕನೆಕ್ಷನ್ನುಗಳನ್ನು ತಿದ್ದುವ ಕಿಟಕಿ ತೆರೆದೆವು. ಆ ಲೈಬ್ರರಿಯ ವೈಫೈ ಹೆಸರು ಆರಿಸಿ, ಜನರಲ್ ಎಂಬ ಹಾಳೆಯಲ್ಲಿ ಎರಡು ಗುರುತು ಹಾಕಿದೆವು: ತಾನಾಗಿ ಕನೆಕ್ಟ್ ಆಗಲಿ ಎಂಬುದು ಒಂದು, ಎಲ್ಲ ಬಳಕೆದಾರರೂ ಈ ನೆಟ್‌ವರ್ಕ್ ಬಳಸಬಹುದು ಎಂಬುದು ಇನ್ನೊಂದು. ಆಮೇಲೆ ವೈಫೈ ಭದ್ರತೆಯ ಹಾಳೆಗೆ ಹೋದೆವು. ಪಾಸ್‌ವರ್ಡ್ ಖಾನೆಯ ಬಲತುದಿಯಲ್ಲಿ ಒಂದು ಪುಟ್ಟ ಚಿತ್ರವಿರುತ್ತದೆ. ಎಷ್ಟೋ ಜನ ಅದನ್ನು ಒತ್ತಿಯೇ ನೋಡಿರುವುದಿಲ್ಲ. ಒತ್ತಿದರೆ ಈ ಬಳಕೆದಾರನಿಗೆ ಮಾತ್ರ, ಎಲ್ಲ ಬಳಕೆದಾರರಿಗೂ, ಪ್ರತಿಸಲ ಕೇಳು ಎಂಬ ಆಯ್ಕೆಗಳು ಬರುತ್ತವೆ. ಅಲ್ಲಿ ಎಲ್ಲ ಬಳಕೆದಾರರಿಗೂ ಎಂಬುದನ್ನು ಆರಿಸಿ, ಪಾಸ್‌ವರ್ಡನ್ನು ಗ್ರಂಥಪಾಲಕಿಯ ಕೈಯಲ್ಲೇ ಹೊಡೆಸಿ ಸೇವ್ ಮಾಡಿಸಿದೆ. ರೀಸ್ಟಾರ್ಟ್ ಮಾಡಿದಾಗ ಡೆಸ್ಕ್‌ಟಾಪು ಕಾಣುವ ಹೊತ್ತಿಗೆ ವೈಫೈ ಕೂಡಿಯಾಗಿತ್ತು. ಚೀಟಿ ಕಿತ್ತು ಡ್ರಾಯರಿಗೆ ಹಾಕಿದರು. ನಿನ್ನದು ಗ್ನೋಮ್ ಡೆಸ್ಕ್‌ಟಾಪ್ ಆಗಿದ್ದರೆ ಸೆಟ್ಟಿಂಗ್ಸಿನ ವೈಫೈ ಪುಟದಲ್ಲಿ ನೆಟ್‌ವರ್ಕಿನ ಹೆಸರಿನ ಪಕ್ಕದ ಹಲ್ಲುಚಕ್ರದ ಚಿಹ್ನೆ ಒತ್ತು, ಇದೇ ಆಯ್ಕೆಗಳು ಅಲ್ಲಿವೆ.

ಇದೇ ತೊಂದರೆಗೆ ಕೆಲವರು ಅಡ್ಡದಾರಿಯೊಂದನ್ನು ಹೇಳಿಕೊಡುತ್ತಾರೆ: ಕೀರಿಂಗಿನ ಪಾಸ್‌ವರ್ಡನ್ನೇ ಖಾಲಿ ಬಿಡು ಎಂದು. ಅದನ್ನು ಮಾಡಬೇಡ. ಆ ಕೀರಿಂಗಿನಲ್ಲಿ ವೈಫೈ ಒಂದೇ ಇರುವುದಿಲ್ಲ, ಇಮೇಲಿನ, ಬೇರೆ ಖಾತೆಗಳ ಗುಟ್ಟುಗಳೂ ಇರುತ್ತವೆ. ಒಂದಕ್ಕಾಗಿ ಎಲ್ಲವನ್ನೂ ಬಯಲಿಗೆ ಹಾಕಿದಂತಾಗುತ್ತದೆ.

ಇಡೀ ಯಂತ್ರದ ವಶಕ್ಕೆ ಕೊಡುವುದಕ್ಕೂ ಒಂದು ಬೆಲೆ ಇದೆ, ಅದನ್ನು ತಿಳಿದೇ ಕೊಡು. ಇಟಿಸಿ ಫೋಲ್ಡರಿನೊಳಗೆ ನೆಟ್‌ವರ್ಕ್‌ಮ್ಯಾನೇಜರ್, ಅದರೊಳಗೆ ಸಿಸ್ಟಂ-ಕನೆಕ್ಷನ್ಸ್ ಎಂಬ ಫೋಲ್ಡರಿನಲ್ಲಿ ಈ ಪ್ರೊಫೈಲುಗಳು ಕೂತಿರುತ್ತವೆ. ಉಬುಂಟು ಡೆಸ್ಕ್‌ಟಾಪು 23.10ರಿಂದ ಈಚೆಗೆ ಇವನ್ನು ನೆಟ್‌ಪ್ಲಾನ್ ಫೋಲ್ಡರಿನಲ್ಲಿ ಇಡುತ್ತದೆ. ಪಾಸ್‌ವರ್ಡು ಅಲ್ಲಿ ಯಾವ ಗೂಢಲಿಪಿಯೂ ಇಲ್ಲದೆ ಇದ್ದ ಹಾಗೇ ಬರೆದಿರುತ್ತದೆ. ರೂಟ್, ಅಂದರೆ ಯಂತ್ರದ ಆಡಳಿತಗಾರ, ಒಬ್ಬನೇ ಓದಬಹುದಾದ ಅನುಮತಿ ಅದಕ್ಕಿರುತ್ತದೆ. ಕೈಯಾರೆ ಪ್ರೊಫೈಲ್ ಬರೆದು ಬೇರೆಯವರೂ ಓದುವಂತೆ ಬಿಟ್ಟರೆ ನೆಟ್‌ವರ್ಕ್‌ಮ್ಯಾನೇಜರ್ ಅಂಥ ಕಡತವನ್ನು ಒಪ್ಪುವುದೇ ಇಲ್ಲ. ಆದರೆ ಲ್ಯಾಪ್‌ಟಾಪೇ ಕಳುವಾಗಿ ಯಾರಾದರೂ ಡಿಸ್ಕು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೆ ಆ ಅನುಮತಿ ಕಾಯುವುದಿಲ್ಲ. ಮನೆಯಲ್ಲೇ ಇರುವ ಡೆಸ್ಕ್‌ಟಾಪಿಗೆ, ಶಾಲೆಯ ಲ್ಯಾಬಿಗೆ, ಲೈಬ್ರರಿಗೆ ಯಂತ್ರದ ವಶವೇ ಸರಿ. ಬಸ್ಸು, ಹಾಸ್ಟೆಲು ಎಂದು ಊರೆಲ್ಲ ಸುತ್ತುವ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುವಾಗಲೇ ಡಿಸ್ಕ್ ಎನ್‌ಕ್ರಿಪ್ಷನ್ ಆರಿಸಿಕೋ. ಅದನ್ನು ಆಮೇಲೆ ಸೇರಿಸುವುದು ಬಹಳ ಕಷ್ಟ.

ಒಂದಕ್ಕಿಂತ ಹೆಚ್ಚು ನೆಟ್‌ವರ್ಕುಗಳಿದ್ದಾಗ ಯಾವುದು ಮೊದಲು ಎಂಬುದನ್ನೂ ನೀನೇ ಹೇಳಬಹುದು. ಪ್ರತಿ ಪ್ರೊಫೈಲಿಗೂ ಆಟೋಕನೆಕ್ಟ್ ಪ್ರಯಾರಿಟಿ ಎಂಬ ಅಂಕಿ ಇರುತ್ತದೆ. ನೀನು ಏನೂ ಹೇಳದಿದ್ದರೆ 0. ಮೇಲೆ 999ರವರೆಗೆ, ಕೆಳಗೆ ಮೈನಸ್ 999ರವರೆಗೆ ಕೊಡಬಹುದು. ದೊಡ್ಡ ಅಂಕಿಯದು ಮೊದಲು. ಅಂಕಿ ಸಮವಿದ್ದರೆ ಇತ್ತೀಚೆಗೆ ಬಳಸಿದ್ದಕ್ಕೆ ಆದ್ಯತೆ. ಹಾಸ್ಟೆಲಿನ ವೈಫೈಗೆ 10, ನಿನ್ನ ಫೋನಿನ ಹಾಟ್‌ಸ್ಪಾಟಿಗೆ ಮೈನಸ್ 10 ಕೊಟ್ಟರೆ, ಎರಡೂ ಇದ್ದಾಗ ಫೋನಿನ ಡೇಟಾ ಕರಗುವುದಿಲ್ಲ. ಹಾಟ್‌ಸ್ಪಾಟಿನ ಪ್ರೊಫೈಲಿಗೆ ಮೀಟರ್ಡ್ ಎಂಬ ಗುರುತನ್ನೂ ಹಾಕು. ಅದನ್ನು ಗಮನಿಸುವ ತಂತ್ರಾಂಶಗಳು ಆಗ ದೊಡ್ಡ ಅಪ್‌ಡೇಟುಗಳನ್ನು ತಡೆಹಿಡಿಯುತ್ತವೆ. ಆದರೆ ಒಂದು ಮಾತು ನೆನಪಿರಲಿ. ಈ ಅಂಕಿ ಲೆಕ್ಕಕ್ಕೆ ಬರುವುದು ಹೊಸದಾಗಿ ಕೂಡುವಾಗ ಮಾತ್ರ. ಹಾಟ್‌ಸ್ಪಾಟಿಗೆ ಆಗಲೇ ಸೇರಿಕೊಂಡ ಯಂತ್ರ, ಹಾಸ್ಟೆಲಿನ ವೈಫೈ ಬಂತೆಂದು ತಾನಾಗಿ ಅತ್ತ ಜಿಗಿಯುವುದಿಲ್ಲ.

ಇನ್ನೆರಡು ಸಂದರ್ಭಗಳಲ್ಲಿ ಎಲ್ಲ ಸರಿಯಿದ್ದೂ ಯಂತ್ರ ಕೂಡದೆ ಸುಮ್ಮನಿರುತ್ತದೆ. ಡಿಸ್ಕನೆಕ್ಟ್ ಎಂದು ನೀನೇ ಒತ್ತಿದ್ದರೆ, ಇವನಿಗೆ ಬೇಡವಾಗಿದೆ ಎಂದು ತಿಳಿದು ಅದು ಮತ್ತೆ ತಾನಾಗಿ ಪ್ರಯತ್ನಿಸುವುದಿಲ್ಲ. ನೀನೇ ಒಮ್ಮೆ ಕೂಡಿಸಬೇಕು, ಇಲ್ಲವೇ ಯಂತ್ರ ಮತ್ತೆ ಶುರುವಾಗಬೇಕು. ಎರಡನೆಯದು ಕರೆಂಟು ಹೋದಾಗ ಆಗುವಂಥದ್ದು. ಕಂಪ್ಯೂಟರು ಯುಪಿಎಸ್ ಮೇಲಿದೆ, ರೂಟರಿಗೆ ಯುಪಿಎಸ್ ಇಲ್ಲ ಎಂದಿಟ್ಟುಕೋ. ಕರೆಂಟು ಬಂದ ಮೇಲೆ ರೂಟರು ತನ್ನ ಹೆಸರು ಸಾರಲು ಶುರು ಮಾಡಿದರೂ ಪೂರ್ತಿ ಏಳಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ವಾಡಿಕೆಯಂತೆ 4 ಸಲ ಪ್ರಯತ್ನಿಸಿ ಸೋತು, ಕೆಲಹೊತ್ತು ಕೈಬಿಟ್ಟು ಕೂರುತ್ತದೆ. ಆಟೋಕನೆಕ್ಟ್ ರಿಟ್ರೈಸ್ ಎಂಬುದನ್ನು 0 ಮಾಡಿದರೆ ಅದು ಸೋಲೊಪ್ಪದೆ ಪ್ರಯತ್ನಿಸುತ್ತಲೇ ಇರುತ್ತದೆ. ಎನ್‌ಎಂಸಿಎಲ್‌ಐ ಎಂಬ ಟರ್ಮಿನಲ್ ಆದೇಶದಿಂದ ಇದನ್ನು ಬದಲಿಸಬಹುದು. ಕರೆಂಟು ಕಣ್ಣಾಮುಚ್ಚಾಲೆ ಆಡುವ ಹಳ್ಳಿಯ ಶಾಲೆಗಳಲ್ಲಿ ಈ ಒಂದು ಬದಲಾವಣೆಯಿಂದ ಮೇಷ್ಟ್ರುಗಳಿಗೆ ದೊಡ್ಡ ನೆಮ್ಮದಿ.

ಮೂರನೆಯದು ನಂಬಿಕೆ. ಇದು ಎಲ್ಲಕ್ಕಿಂತ ಮುಖ್ಯವಾದದ್ದು, ಗಮನವಿಟ್ಟು ಓದು. ತಾನಾಗಿ ಕೂಡುವ ಪ್ರೊಫೈಲು ಎಂದರೆ ಮನೆಯ ಬೀಗದ ಕೈಯನ್ನು ಇನ್ನೊಬ್ಬರ ಕೈಗೆ ಕೊಟ್ಟಂತೆ. ಕೊಡುವ ಮುಂಚೆ ಯಾರಿಗೆ ಎಂದು ಯೋಚಿಸಬೇಕು. ಪಾಸ್‌ವರ್ಡ್ ಇರುವ ಮನೆಯ ವೈಫೈಯಲ್ಲಿ ರೂಟರು ಕೂಡ ತನಗೆ ಆ ಪಾಸ್‌ವರ್ಡ್ ಗೊತ್ತಿದೆ ಎಂದು ತೋರಿಸಿಕೊಡಬೇಕು, ಆಗಲೇ ನಂಟು ಬೆಳೆಯುವುದು. ಪಾಸ್‌ವರ್ಡ್ ಇಲ್ಲದ ಬಯಲು ವೈಫೈಯಲ್ಲಿ ಯಂತ್ರಕ್ಕೆ ಸಿಗುವ ಗುರುತು ಬರೀ ಹೆಸರು. ಬಸ್ ಸ್ಟ್ಯಾಂಡಿನಲ್ಲೋ ಹೋಟೆಲಿನಲ್ಲೋ ಒಮ್ಮೆ ಬಳಸಿದ ಉಚಿತ ವೈಫೈ ನಿನ್ನ ಪಟ್ಟಿಯಲ್ಲಿ ಉಳಿದಿದ್ದರೆ, ಅದೇ ಹೆಸರು ಇಟ್ಟುಕೊಂಡ ಬೇರೆ ಯಾರ ಹಾಟ್‌ಸ್ಪಾಟಿಗೂ ನಿನ್ನ ಲ್ಯಾಪ್‌ಟಾಪು ಕೇಳದೆ ಸೇರಿಕೊಳ್ಳುತ್ತದೆ. ಹೆಸರು ಇಡಲು ಯಾರ ಅಪ್ಪಣೆಯೂ ಬೇಕಿಲ್ಲ. ಮುಂಬೈ ಸೆಂಟ್ರಲ್‌ನಲ್ಲಿ 2016ರ ಜನವರಿಯಲ್ಲಿ ಶುರುವಾದ ರೈಲು ನಿಲ್ದಾಣಗಳ ಉಚಿತ ವೈಫೈ ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ಆಸರೆಯಾಗಿದೆ, ಬಳಸಬೇಡ ಎನ್ನುವುದಿಲ್ಲ. ಬಳಸು, ಆದರೆ ಅಂಥದ್ದಕ್ಕೆ ತಾನಾಗಿ ಕೂಡುವ ಗುರುತು ತೆಗೆದಿಡು. ಕೆಲಸ ಮುಗಿದ ಮೇಲೆ ಫರ್ಗೆಟ್ ಒತ್ತಿ ಪಟ್ಟಿಯಿಂದಲೇ ತೆಗೆದುಬಿಡು. ನಿನ್ನ ಯಂತ್ರ ಯಾವ ಯಾವ ಹೆಸರುಗಳನ್ನು ನೆನಪಿಟ್ಟುಕೊಂಡಿದೆ ಎಂದು ಎನ್‌ಎಂಸಿಎಲ್‌ಐ ಕನೆಕ್ಷನ್ ಶೋ ಎಂಬ ಆದೇಶ ತೋರಿಸುತ್ತದೆ. ಆಗಾಗ ಅದನ್ನು ನೋಡಿ ಬೇಡದ್ದನ್ನು ಅಳಿಸುವ ಅಭ್ಯಾಸ ಮಾಡಿಕೋ.

ಮನೆಯ ರೂಟರಿನಲ್ಲಿ ಡಬ್ಲ್ಯುಇಪಿ ಎಂಬ ಹಳೆಯ ಭದ್ರತೆ ಇದ್ದರೆ ಇವತ್ತೇ ತೆಗೆ. ಅದನ್ನು ಮುರಿಯುವ ದಾರಿ 2001ರಲ್ಲೇ ಬಯಲಾಗಿದೆ. 2004ರ ಡಬ್ಲ್ಯುಪಿಎ2 ಕನಿಷ್ಠ ಇರಲಿ, 2018ರ ಡಬ್ಲ್ಯುಪಿಎ3 ಸಿಕ್ಕರೆ ಇನ್ನೂ ಒಳ್ಳೆಯದು. ಪಾಸ್‌ವರ್ಡು 8ರಿಂದ 63 ಅಕ್ಷರಗಳವರೆಗೆ ಇರಬಹುದು, ಉದ್ದವಾಗಿಡು. ದಿನವೂ ಹೊಡೆಯಬೇಕಾಗಿಲ್ಲದಿದ್ದಾಗ ಉದ್ದ ಇದ್ದರೇನು ಕಷ್ಟ? ನೆಟ್‌ವರ್ಕಿನ ಹೆಸರು ಅಡಗಿಸಿಟ್ಟರೆ ಸುರಕ್ಷಿತ ಎಂದು ಕೆಲವರು ಹೇಳುತ್ತಾರೆ, ನಂಬಬೇಡ. ಹೆಸರು ಅಡಗಿಸಿದ ನೆಟ್‌ವರ್ಕಿಗೆ ತಾನಾಗಿ ಕೂಡಬೇಕಾದರೆ ನಿನ್ನ ಲ್ಯಾಪ್‌ಟಾಪು ಹೋದಲ್ಲೆಲ್ಲ ಆ ಹೆಸರನ್ನು ತಾನೇ ಕೂಗಿ ಕರೆಯಬೇಕಾಗುತ್ತದೆ. ಗುಟ್ಟು ಇನ್ನಷ್ಟು ರಟ್ಟಾಗುತ್ತದೆ.

ದೊಡ್ಡ ಕಾಲೇಜುಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರು, ಪಾಸ್‌ವರ್ಡ್ ಕೊಡುವ ಎಂಟರ್‌ಪ್ರೈಸ್ ಬಗೆಯ ವೈಫೈ ಇರುತ್ತದೆ. ವಿದ್ಯಾಸಂಸ್ಥೆಗಳ ಎಜುರೋಮ್ ಎಂಬ ವೈಫೈ ಆ ಬಗೆಯದು. ಭಾರತದಲ್ಲಿ ಅದನ್ನು ನಡೆಸುವುದು ಎರ್ನೆಟ್ ಇಂಡಿಯಾ. ಇದಕ್ಕೆ ಸೇರುವಾಗ ಲಿನಕ್ಸ್ ಒಂದು ಪ್ರಮಾಣಪತ್ರದ ಕಡತ ಕೇಳುತ್ತದೆ, ಕೆಳಗೇ ಪ್ರಮಾಣಪತ್ರ ಬೇಕಿಲ್ಲ ಎಂಬ ಚೌಕವೂ ಇರುತ್ತದೆ. ಅವಸರದಲ್ಲಿ ಆ ಚೌಕಕ್ಕೆ ಗುರುತು ಹಾಕಬೇಡ. ಎದುರಿಗಿರುವುದು ನಿಜವಾಗಿಯೂ ನಿನ್ನ ಕಾಲೇಜಿನ ಸರ್ವರ್ ಹೌದೇ ಎಂದು ಪರೀಕ್ಷಿಸುವುದು ಆ ಪ್ರಮಾಣಪತ್ರವೇ. ಅದಿಲ್ಲದಿದ್ದರೆ ಕಾಲೇಜಿನ ಹೆಸರು ಹಾಕಿಕೊಂಡ ಯಾವ ಠಕ್ಕನ ಎದುರಿಗೂ ಯಂತ್ರ ನಿನ್ನ ಲಾಗಿನ್ ಗುಟ್ಟನ್ನು ಇಟ್ಟುಬಿಡಬಹುದು, ಅದೂ ತಾನಾಗಿಯೇ. ಕಾಲೇಜಿನ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಆ ಕಡತ ಕೇಳಿ ಪಡೆದುಕೋ. ಕೇಳಲು ಸಂಕೋಚ ಬೇಡ.

ಕೂಡಿದ ವೈಫೈ ನಡುನಡುವೆ ಬಿಟ್ಟುಹೋಗುತ್ತಿದ್ದರೆ ಅದು ಬೇರೆ ಕಾಯಿಲೆ. ಕೆಲವು ಕಾರ್ಡುಗಳು ಬ್ಯಾಟರಿ ಉಳಿಸಲು ತೂಕಡಿಸಿ, ಎದ್ದೇಳಲು ತಡ ಮಾಡುತ್ತವೆ. ನೆಟ್‌ವರ್ಕ್‌ಮ್ಯಾನೇಜರಿನ ವೈಫೈ ಪವರ್‌ಸೇವ್ ಎಂಬ ಅಂಕಿಯನ್ನು 3ರಿಂದ 2ಕ್ಕೆ ಇಳಿಸಿದರೆ ಆ ತೂಕಡಿಕೆ ನಿಲ್ಲುತ್ತದೆ. ಅಕ್ಕಪಕ್ಕದ ಮನೆಗಳ ರೂಟರುಗಳೆಲ್ಲ 2.4 ಗಿಗಾಹರ್ಟ್ಸ್‌ನ ಒಂದೇ ಚಾನೆಲ್ಲಿನಲ್ಲಿ ಕಿತ್ತಾಡುತ್ತಿದ್ದರೆ ನಿನ್ನದನ್ನು 1, 6, 11 ಈ ಮೂರರಲ್ಲಿ ಖಾಲಿ ಇರುವುದಕ್ಕೆ ಬದಲಿಸು, ಇವು ಒಂದರ ಮೇಲೊಂದು ಬೀಳುವುದಿಲ್ಲ. ಏನೇ ಆದರೂ ಊಹೆಯ ಮೇಲೆ ಕೈ ಆಡಿಸಬೇಡ. ಜರ್ನಲ್‌ಸಿಟಿಎಲ್ ಎಂಬ ಆದೇಶಕ್ಕೆ ನೆಟ್‌ವರ್ಕ್‌ಮ್ಯಾನೇಜರಿನ ಹೆಸರು ಕೊಟ್ಟರೆ, ಯಂತ್ರ ಯಾವ ಗಳಿಗೆಯಲ್ಲಿ ಯಾವುದಕ್ಕೆ ಪ್ರಯತ್ನಿಸಿತು, ಯಾಕೆ ಸೋತಿತು ಎಂಬುದನ್ನೆಲ್ಲ ಸಾಲುಸಾಲಾಗಿ ಹೇಳುತ್ತದೆ. ಲಿನಕ್ಸ್ ತನ್ನ ತಪ್ಪನ್ನು ಮುಚ್ಚಿಡುವುದಿಲ್ಲ. ಓದುವ ತಾಳ್ಮೆ ನಿನಗಿರಬೇಕು.

ತಾಳ್ಮೆಯ ಮಾತು ಬಂದಾಗ ಇನ್ನು ಮೂರು ಬುದ್ಧಿಮಾತು ಹೇಳುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಫಲ ನೋಡು, ಆಮೇಲೆ ಮುಂದಿನದು. ಐದು ಕಡೆ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯದು. ಎರಡನೆಯದು, ಎಲ್ಲೋ ಕಂಡ ಸೂಡೋ ಎಂದು ಶುರುವಾಗುವ ಸಾಲನ್ನು ಅರ್ಥವಾಗದೆ ನಕಲು ಮಾಡಿ ಟರ್ಮಿನಲ್ಲಿಗೆ ಅಂಟಿಸಬೇಡ. ಸೂಡೋ ಎಂದರೆ ಯಂತ್ರದ ಸರ್ವಾಧಿಕಾರ. ಮ್ಯಾನ್ ಎಂದು ಹೊಡೆದು ಆದೇಶದ ಹೆಸರು ಕೊಟ್ಟರೆ ಅದರ ಕೈಪಿಡಿ ನಿನ್ನ ಪರದೆಯ ಮೇಲೇ ತೆರೆಯುತ್ತದೆ. ಇಂಟರ್ನೆಟ್ಟು ಇಲ್ಲದಿದ್ದಾಗಲೂ ತೆರೆಯುತ್ತದೆ. ವೈಫೈ ಕೆಟ್ಟವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ? ಮೂರನೆಯದು, ಅಪ್‌ಡೇಟುಗಳನ್ನು ಮುಂದೂಡಬೇಡ. 2017ರಲ್ಲಿ ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೋಫ್ ಡಬ್ಲ್ಯುಪಿಎ2ರ ಮಾತುಕತೆಯಲ್ಲೇ ಒಂದು ಬಿರುಕು ತೋರಿಸಿದಾಗ, ಲಿನಕ್ಸ್ ಸಮುದಾಯ ತಡಮಾಡದೆ ತಿದ್ದುಪಡಿ ಕೊಟ್ಟಿತು. ಆ ತಿದ್ದುಪಡಿ ತಲುಪಿದ್ದು ಅಪ್‌ಡೇಟ್ ಮಾಡಿಕೊಂಡವರಿಗೆ ಮಾತ್ರ.

ನೀನು ಇನ್ನು ಬರೀ ನಿನ್ನ ಲ್ಯಾಪ್‌ಟಾಪನ್ನಷ್ಟೇ ನೋಡಿಕೊಳ್ಳುವವನಲ್ಲ. ಲಿನಕ್ಸ್ ಗೊತ್ತು ಎಂದ ಮೇಲೆ ಶಾಲೆಯವರು ಕರೆಯುತ್ತಾರೆ, ಪಕ್ಕದ ಮನೆಯವರು ಕರೆಯುತ್ತಾರೆ. ಹೋಗು. ಆದರೆ ವೈಫೈ ಕೂಡಿಸಿ ಎದ್ದು ಬರಬೇಡ. ಯಂತ್ರವನ್ನು ಒಮ್ಮೆ ಪೂರ್ತಿ ಆರಿಸಿ ಮತ್ತೆ ಹಚ್ಚಿ, ಅವರ ಕಣ್ಣೆದುರಿಗೇ ತಾನಾಗಿ ಕೂಡುವುದನ್ನು ತೋರಿಸು. ಏನೇನು ಬದಲಿಸಿದೆ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಗೆ ಬರೆದು ಕೊಡು. ಪಾಸ್‌ವರ್ಡು ಯಾರ ಬಳಿ ಇರಬೇಕೋ ಅವರ ಕೈಗೇ ಒಪ್ಪಿಸು, ನಿನ್ನ ಜೇಬಿನಲ್ಲಿಟ್ಟುಕೊಂಡು ಬರಬೇಡ. ನೀನು ಊರು ಬಿಟ್ಟು ಹೋದ ಮೇಲೂ ಆ ಕಂಪ್ಯೂಟರು ಬೆಳಿಗ್ಗೆ ತಾನಾಗಿ ನೆಟ್‌ವರ್ಕಿಗೆ ಸೇರಬೇಕು, ಸೇರದಿದ್ದರೆ ಸರಿಮಾಡುವುದು ಹೇಗೆಂದು ಅಲ್ಲಿಯ ಒಬ್ಬರಿಗಾದರೂ ತಿಳಿದಿರಬೇಕು. ಅಷ್ಟು ಮಾಡಿ ಬಂದರೆ ಮಾತ್ರ ಕೆಲಸ ಮುಗಿಸಿ ಬಂದೆ ಎಂದು ಹೇಳು.